ಮಾಮಿಯ ಪೆಟ್ಟಿಗೆಯೊಳಗಿನ ನಿರ್ಭೀಕ್

ನಮ್ಮ ಗಡಿಯ ಕಡೆ ಒಂದೇ ವಸ್ತುವಿಗೆ ನಾಲ್ಕು ಹೆಸರು. ತೆಲುಗಿನವರು ತುಪಾಕಿ ಅನ್ನುತ್ತಾರೆ, ನಮ್ಮ ಹಿರಿಯರೂ ತುಪಾಕಿ ಎಂದೇ ಅನ್ನುತ್ತಿದ್ದರು. ತಾಂಡೂರಿನ ಬಜಾರಿನಲ್ಲಿ ಅದು ಬಂದೂಕು. ಒಂದೇ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದರೆ ತಮಂಚಾ. ಸರಕಾರಿ ಕಾಗದದಲ್ಲಿ ರಿವಾಲ್ವರು. ಹೆಸರು ಇಷ್ಟಿದ್ದರೂ ಬಶೀರಾಬಾದಿನ ನಮ್ಮ ಓಣಿಯಲ್ಲಿ ಅದನ್ನು ಸಿನೆಮಾದಲ್ಲಿ ಕಂಡವರೇ ಹೊರತು ಕೈಯಲ್ಲಿ ಹಿಡಿದವರಿಲ್ಲ. ನಾನೂ ಹಾಗೇ ಇದ್ದೆ. ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ನಿವೃತ್ತಳಾದವಳು. ಅಂಥವಳು ಅರವತ್ತೆರಡನೆಯ ವಯಸ್ಸಿನಲ್ಲಿ ಕಲಬುರಗಿ ಕಡೆಯ ಒಂದು ಚಾಂದಮಾರಿಗೆ ಹೋಗಿ, ಹನ್ನೆರಡು ಗುಂಡು ಹಾರಿಸಿ ಬಂದೆ. ಯಾಕೆ ಹೋದೆ, ಹೋಗಿ ಏನು ಕಂಡೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ನನ್ನ ತಮ್ಮ. ಅವನದು ತೊಗರಿ ವ್ಯಾಪಾರ. ರಾಶಿಯ ದಿನಗಳಲ್ಲಿ ಅವನ ಕೈಯಲ್ಲಿ ರೊಕ್ಕ ಆಡುತ್ತದೆ. ಹೋದ ವರ್ಷ ಅವನ ಜೊತೆಯ ವ್ಯಾಪಾರಿಯೊಬ್ಬರು ಸಂಜೆ ಹೊತ್ತು ಮೋಟರ್ ಸೈಕಲ್ ಮೇಲೆ ಬರುತ್ತಿದ್ದಾಗ ಯಾರೋ ಹಿಂದಿನಿಂದ ಬಂದು ಬಡಿಗೆಯಿಂದ ಹೊಡೆದು ಚೀಲ ಕಸಿದುಕೊಂಡು ಹೋದರು. ಅಂದಿನಿಂದ ತಮ್ಮನಿಗೆ ನಿದ್ದೆ ಇಲ್ಲ. ನಾನೋ ಹೊಲದ ಅಂಚಿನ ಮನೆಯಲ್ಲಿ ಒಬ್ಬಳೇ ಇರುವವಳು. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಒಂದು ದಿನ ಬಂದು ಕುಳಿತ.

"ಅಕ್ಕಾ, ನಿನ್ನ ಹೆಸರಿಲೇ ಒಂದು ಅರ್ಜಿ ಹಾಕೋಣ. ಹೆಣ್ಮಕ್ಕಳಿಗಂತಲೇ ಸಣ್ಣ ರಿವಾಲ್ವರ್ ಮಾಡ್ಯಾರ. ವ್ಯಾನಿಟಿ ಬ್ಯಾಗಿನ್ಯಾಗ ಹಿಡಸ್ತದ."

ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ದನಿಗೂಡಿಸಿದಳು: "ತುಪಾಕಿ ಉಂಟೆ ಧೈರ್ಯಮೇ ಗದಾ, ಅಕ್ಕಾ!"

ನಾನು ಒಂದೇ ಮಾತು ಅಂದೆ. ಮೊದಲು ಅದನ್ನು ಹಾರಿಸಿ ನೋಡುತ್ತೇನೆ, ಆಮೇಲೆ ಅರ್ಜಿ. ಸೀರೆ ಕೊಳ್ಳುವಾಗಲೂ ನಾವು ಸೆರಗು ಬಿಚ್ಚಿಸಿ ನೋಡುವುದಿಲ್ಲವೇ?

ತಮ್ಮ ಹೇಳಿದ ಆ ಸಣ್ಣ ರಿವಾಲ್ವರಿನ ಹೆಸರು ನಿರ್ಭೀಕ್. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದದ್ದು ನಿಮಗೆಲ್ಲ ನೆನಪಿದೆ. ಆ ಹುಡುಗಿಯನ್ನು ದೇಶ ನಿರ್ಭಯಾ ಎಂದು ಕರೆಯಿತು. ಕಾನ್ಪುರದ ಸರಕಾರಿ ಫೀಲ್ಡ್ ಗನ್ ಕಾರ್ಖಾನೆಯವರು ಅದೇ ಅರ್ಥದ ನಿರ್ಭೀಕ್ ಎಂಬ ಹೆಸರಿಟ್ಟು, ಮುಖ್ಯವಾಗಿ ಹೆಂಗಸರಿಗಾಗಿ ಎಂದು 2014ರ ಜನವರಿಯಲ್ಲಿ ಇದನ್ನು ಮಾರಾಟಕ್ಕೆ ತಂದರು. ಟೈಟೇನಿಯಂ ಮಿಶ್ರಲೋಹದ ಮೈ. ತೂಕ 500 ಗ್ರಾಂ, ಅಂದರೆ ಅರ್ಧ ಕಿಲೋ ಬೇಳೆಯ ಪೊಟ್ಟಣದಷ್ಟು. ಆರು ಗುಂಡು. ಆಗಿನ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿಯ ಮೇಲೆ. ಕೊಡುತ್ತಿದ್ದದ್ದು ಬಂಗಾರದ ಒಡವೆಯ ಪೆಟ್ಟಿಗೆಯಂಥ ಕಡುಗೆಂಪು ಪೆಟ್ಟಿಗೆಯಲ್ಲಿ. ಆ ಹುಡುಗಿಯ ಹೆಸರನ್ನು ಹೀಗೆ ಮಾರಾಟದ ವಸ್ತುವಿಗೆ ಇಟ್ಟದ್ದಕ್ಕೆ ಆಗಲೇ ಕೆಲವು ಹೆಣ್ಣುಮಕ್ಕಳು ಆಕ್ಷೇಪವೆತ್ತಿದ್ದರು. ಅವರ ಮಾತಿನಲ್ಲಿ ಹುರುಳಿತ್ತು ಎಂದೇ ನನ್ನ ಅನಿಸಿಕೆ.

ನಮ್ಮ ಪುಣ್ಯಕ್ಕೆ ಇಂಥದೊಂದು ನಮ್ಮ ಬಳಗದಲ್ಲೇ ಇತ್ತು. ನನ್ನ ಸೋದರಮಾವ ಮಿಲಿಟರಿಯಿಂದ ನಿವೃತ್ತರಾದವರು, ಕಲಬುರಗಿ ಹತ್ತಿರ ಇದ್ದಾರೆ. 2015ರಲ್ಲಿ ಮಾಮಿಯ ಹೆಸರಿನಲ್ಲಿ ಲೈಸೆನ್ಸು ಮಾಡಿಸಿ ನಿರ್ಭೀಕ್ ಕೊಡಿಸಿದ್ದರು. ಫೋನ್ ಮಾಡಿದೆ. ಮಾಮಿ ನಕ್ಕರು.

"ಬಾ ಅವ್ವಾ, ಬಾ. ಅದಕ್ಕೂ ಗಾಳಿ ಆಡ್ತದ. ಹತ್ತು ವರ್ಷದಾಗ ಅದು ಐದು ಸಲ ಪೊಲೀಸ್ ಠಾಣೆಗೆ ಹೋಗಿ ಬಂದದ, ನಾ ಬ್ಯಾಗಿನ್ಯಾಗ ಇಟ್ಟುಕೊಂಡು ಒಂದು ಸಲಾನೂ ಬಜಾರಕ್ಕ ಹೋಗಿಲ್ಲ."

ಚುನಾವಣೆ ಬಂದಾಗ ಲೈಸೆನ್ಸುದಾರರು ತಮ್ಮ ಆಯುಧವನ್ನು ಠಾಣೆಯಲ್ಲಿಡಬೇಕೆಂದು ಹುಕುಂ ಬರುವುದು ನಿಮಗೂ ಗೊತ್ತು. ರೈಲಿನಲ್ಲಿ ಕುಳಿತು ನಾನು ಬೆರಳು ಮಡಿಚಿ ಎಣಿಸಿದೆ. ಕರ್ನಾಟಕದಲ್ಲಿ 2018, 2019, 2023, 2024. ನಾಲ್ಕೇ ಆಯಿತು. ಐದನೆಯದು ಯಾವುದು? ಸೇಡಂ ದಾಟಿತು, ಚಿತ್ತಾಪುರ ದಾಟಿತು, ವಾಡಿಯಲ್ಲಿ ಚಹಾ ಕುಡಿದೆ. ಹೊಳೆಯಲಿಲ್ಲ. ಮಾಮಿಗೆ ಲೆಕ್ಕ ತಪ್ಪಿರಬೇಕು ಅಂದುಕೊಂಡೆ.

ಚಾಂದಮಾರಿಗೆ ಮಾಮಿ ಮತ್ತು ನಾನು ಇಬ್ಬರೇ ಹೋದೆವು. ಮಾಮಾ ಬರಲಿಲ್ಲ. "ನನಗ ಅದರ ಸಪ್ಪಳ ಸಾಕಾಗ್ಯಾದ" ಅಂದು ಪೇಪರು ಹಿಡಿದು ಕುಳಿತರು. ಮೊದಲೇ ಬರೆದುಕೊಟ್ಟು ಒಪ್ಪಿಗೆ ಪಡೆದಿದ್ದೆವು. ರಿವಾಲ್ವರಿನ ಒಡತಿ ಮಾಮಿ ಪಕ್ಕದಲ್ಲಿರಬೇಕು, ಉಸ್ತಾದರ ಕಣ್ಣಳತೆಯಲ್ಲೇ ಎಲ್ಲ ನಡೆಯಬೇಕು, ಇದು ಷರತ್ತು. ಒಬ್ಬರ ಹೆಸರಿನ ಆಯುಧವನ್ನು ಮನೆಯ ಇನ್ನೊಬ್ಬರು ಹೊತ್ತು ತಿರುಗುವಂತಿಲ್ಲ. ಅಕ್ಕನ ಹೆಸರಿನಲ್ಲಿ ತೆಗೆದುಕೊಂಡು ತಾನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದೆಂದು ನನ್ನ ತಮ್ಮ ಮನಸ್ಸಿನೊಳಗೇ ಲೆಕ್ಕ ಹಾಕಿದ್ದ. ಆ ಲೆಕ್ಕ ಅಲ್ಲಿಗೇ ಮುಗಿಯಿತು.

ಉಸ್ತಾದರು ವಯಸ್ಸಾದವರು, ಮೆಲುಮಾತಿನವರು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಕೊಟ್ಟರು. ಮೊದಲ ಅರ್ಧ ಗಂಟೆ ಗುಂಡೇ ಇಲ್ಲ, ಬರೀ ಪಾಠ. ಖಾಲಿ ಇದೆ ಎಂದು ಗೊತ್ತಿದ್ದರೂ ತುಂಬಿದೆ ಎಂದೇ ತಿಳಿಯಬೇಕು. ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಹಾರಿಸಬೇಕೆಂದು ನಿಶ್ಚಯವಾಗುವ ತನಕ ಬೆರಳು ಟ್ರಿಗರಿನೊಳಗೆ ಹೋಗಕೂಡದು. ನಾನು ಮೂರನೆಯ ಮಾತನ್ನು ಮೂರು ಸಲ ಮರೆತೆ. ಮೂರು ಸಲವೂ ಅವರು ನನ್ನ ಬೆರಳನ್ನು ಕಡ್ಡಿಯಿಂದ ಮೆಲ್ಲಗೆ ತಟ್ಟಿದರು. ನಲವತ್ತು ವರ್ಷ ಮಕ್ಕಳ ಬೆರಳು ತಟ್ಟಿದವಳಿಗೆ ತಕ್ಕ ಶಾಸ್ತಿ.

ಆಮೇಲೆ ಪೆಟ್ಟಿಗೆ ತೆರೆದರು. ನಿಜ ಹೇಳಬೇಕೆಂದರೆ ಅದು ಚೆಂದವಾಗಿದೆ. ಅಂಗೈಯಲ್ಲಿಟ್ಟರೆ ಮಕ್ಕಳ ಆಟಿಕೆಯಂತೆ ಹಗುರ. ಮೇಲಿನ ಚಿಲಕ ಒತ್ತಿದರೆ ಸೊಂಟದಲ್ಲಿ ಮುರಿದಂತೆ ಬಾಗಿ ಬಾಯಿ ಬಿಡುತ್ತದೆ. ಗುಂಡನೆಯ ಚಕ್ರದಲ್ಲಿ ಆರು ತೂತು. ಒಂದೊಂದರಲ್ಲಿ ಒಂದೊಂದು ತೋಟಾ ಇಟ್ಟು ಮುಚ್ಚಬೇಕು. ಹೀಗೆ ಬಾಗುವ ಪದ್ಧತಿ ಇಂಗ್ಲಿಷರ ವೆಬ್ಲಿ ರಿವಾಲ್ವರಿನಿಂದ ಬಂದದ್ದು. ನಮ್ಮ ಸರಕಾರಿ ಕಾರ್ಖಾನೆಗಳ ರಿವಾಲ್ವರುಗಳೆಲ್ಲ ಬಹುಕಾಲ ಇದೇ ಜಾಡಿನಲ್ಲಿ ನಡೆದವು. ಬೇರೆ ದೇಶಗಳಲ್ಲಿ ಚಕ್ರ ಪಕ್ಕಕ್ಕೆ ತೆರೆದುಕೊಳ್ಳುವುದು ನೂರು ವರ್ಷದ ಹಳೆಯ ಮಾತು. ನಮ್ಮಲ್ಲಿ ಅಂಥದು ಬಂದದ್ದು 2023ರ ಆಗಸ್ಟ್ 18ರಂದು, ಕಾನ್ಪುರದಿಂದಲೇ, ಪ್ರಬಲ್ ಎಂಬ ಹೆಸರಿನಲ್ಲಿ. ಅದರ ನಳಿಗೆ 76 ಮಿಲಿಮೀಟರ್, ತೂಕ 700 ಗ್ರಾಂ. ಅದು ಅಲ್ಲಿರಲಿಲ್ಲ, ನಾನು ಕಂಡಿಲ್ಲ.

ತೋಟಾ .32 ಅಳತೆಯದು. ಗುಂಡಿನ ಅಡ್ಡಗಲ ಸುಮಾರು 8 ಮಿಲಿಮೀಟರ್. ಪೊಲೀಸರ, ಮಿಲಿಟರಿಯವರ 9 ಮಿಲಿಮೀಟರ್, .38 ಮುಂತಾದ ಅಳತೆಗಳು ಸಾಮಾನ್ಯ ನಾಗರಿಕರಿಗೆ ನಿಷೇಧ. ಅದಕ್ಕೇ ನಮ್ಮಲ್ಲಿ ರಿವಾಲ್ವರು ಎಂದರೆ .32. ಈ ತೋಟಾ 1896ರಷ್ಟು ಹಳೆಯದು, ಸೌಮ್ಯವಾದದ್ದು. ಜಸ್ಪಾಲ್ ರಾಣಾ 1994ರಲ್ಲಿ ಹಿರೋಷಿಮಾದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರಲ್ಲ, ಆ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಹೆಚ್ಚಿನ ಗುರಿಕಾರರು ಆರಿಸಿಕೊಳ್ಳುವುದೂ ಇದೇ ಅಳತೆಯನ್ನು. ಅವರ ಪಿಸ್ತೂಲು ಮಾತ್ರ ಭಾರವಾದದ್ದು, ಉದ್ದನೆಯದು. ಗಮ್ಮತ್ತೆಲ್ಲ ಅಲ್ಲೇ ಇದೆ.

ಹತ್ತು ಮೀಟರ್ ದೂರದಲ್ಲಿ ಕಾಗದದ ಗುರಿ. ಹತ್ತು ಮೀಟರ್ ಎಂದರೆ ನನ್ನ ಮನೆಯ ಜಗಲಿಯಿಂದ ಬೇವಿನ ಗಿಡದಷ್ಟು. ಇದೇನು ದೂರ ಅಂದುಕೊಂಡೆ. ಟ್ರಿಗರ್ ಎಳೆದೆ. ಅದು ಬರಲೊಲ್ಲದು. ಹಿಂದೆ ಚಕ್ರ ತಿರುಗಬೇಕು, ಸುತ್ತಿಗೆ ಏಳಬೇಕು, ಎಲ್ಲವೂ ಆ ಒಂದು ಬೆರಳಿನ ಬಲದಿಂದಲೇ ಆಗಬೇಕು. ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ. ಎಳೆಯುತ್ತ ಎಳೆಯುತ್ತ ಮೂತಿ ಎಡಕ್ಕೆ ಹೋಯಿತು, ಸರಿಪಡಿಸಿದೆ, ಕೆಳಕ್ಕೆ ಹೋಯಿತು, ಅಷ್ಟರಲ್ಲಿ 'ಢಮ್' ಅಂತು. ನಾನೇ ಬೆಚ್ಚಿಬಿದ್ದೆ. ಮಾಮಿ ಹಿಂದಿನಿಂದ, "ನಡಗಬ್ಯಾಡ ತಂಗಿ, ಅದೂ ನಿನ್ನಂಗೇ ಹೆದರ್ಯಾದ" ಅಂದರು.

ಆರು ಗುಂಡು ಹಾರಿಸಿದ ಮೇಲೆ ಕಾಗದ ತರಿಸಿ ನೋಡಿದರೆ ಎರಡೇ ತೂತು. ಎರಡೂ ಮೂಲೆಯಲ್ಲಿ. ಉಳಿದ ನಾಲ್ಕು ಹಿಂದಿನ ಮಣ್ಣಿನ ದಿಬ್ಬಕ್ಕೆ.

ಉಸ್ತಾದರು ಬೈಯಲಿಲ್ಲ, ಲೆಕ್ಕ ಹೇಳಿದರು. ಮಾಸ್ತರಿಣಿಗೆ ಲೆಕ್ಕದಲ್ಲೇ ಹೇಳಬೇಕೆಂದು ಅವರಿಗೆ ಹೇಗೆ ಗೊತ್ತಾಯಿತೋ. ನಳಿಗೆಯ ಮೇಲೆ ಹಿಂದೊಂದು, ಮುಂದೊಂದು ಗುರುತು ಇರುತ್ತವೆ. ಗಿಡ್ಡ ರಿವಾಲ್ವರಿನಲ್ಲಿ ಅವೆರಡರ ನಡುವೆ 10 ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಮುಂದಿನ ಗುರುತು ಒಂದೇ ಒಂದು ಮಿಲಿಮೀಟರ್ ಅಲುಗಿದರೆ ಹತ್ತು ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಹೋಗುತ್ತದೆ. ಅದೇ ಉದ್ದನೆಯ ರೈಫಲಿನಲ್ಲಿ ಗುರುತುಗಳ ನಡುವೆ ಅರ್ಧ ಮೀಟರ್ ಇದ್ದರೆ ಅಷ್ಟೇ ಅಲುಗಾಟಕ್ಕೆ ತಪ್ಪುವುದು 2 ಸೆಂಟಿಮೀಟರ್. ಇನ್ನು ತೂಕ. ರಿವಾಲ್ವರು ಹಗುರಾದಷ್ಟೂ ಬ್ಯಾಗಿಗೆ ಸುಖ, ಕೈಗೆ ಕಷ್ಟ. ಟ್ರಿಗರ್ ಎಳೆಯಲು ರಿವಾಲ್ವರಿನ ತೂಕಕ್ಕಿಂತ ಹಲವು ಪಟ್ಟು ಬಲ ಬೇಕು. ಬೆರಳು ಅಷ್ಟು ಬಲವಾಗಿ ಎಳೆಯುವಾಗ ಅರ್ಧ ಕಿಲೋದ ವಸ್ತು ತನ್ನ ಜಾಗದಲ್ಲಿ ನಿಲ್ಲುವುದಾದರೂ ಹೇಗೆ? ಹೆಂಗಸರಿಗೆ ಎಂದು ಹಗುರ ಮಾಡಿದ್ದು ಹೆಂಗಸರ ಕೈಯಲ್ಲೇ ಹೆಚ್ಚು ಅಲುಗಾಡುತ್ತದೆ.

ಒದೆತದ ವಿಷಯವನ್ನೂ ಕೇಳಿದೆ. ಗುಂಡು ಹಾರಿದೊಡನೆ ಮೂತಿ ಯಾಕೆ ಆಕಾಶ ನೋಡುತ್ತದೆ? ನಳಿಗೆ ಕೈಯ ಹಿಡಿತಕ್ಕಿಂತ ಮೇಲಿದೆ. ಹಿಂದಕ್ಕೆ ಬರುವ ತಳ್ಳು ಮಣಿಕಟ್ಟಿನ ಮೇಲುಗಡೆಯಿಂದ ಬರುವುದರಿಂದ ಕೈ ಮೇಲಕ್ಕೆ ತಿರುಗುತ್ತದೆ. ಉಸ್ತಾದರು ತಮ್ಮ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಇಟಲಿಯ ಕಿಯಾಪ್ಪಾ ಕಂಪನಿಯ ರೈನೋ, ಅಂದರೆ ಖಡ್ಗಮೃಗ. ಎಮಿಲಿಯೊ ಗಿಸೋನಿ ಎಂಬಾತ ಅದರ ವಿನ್ಯಾಸ ಮಾಡಿದವರಲ್ಲಿ ಒಬ್ಬ. ಹೆಚ್ಚಿನ ರಿವಾಲ್ವರುಗಳು ಚಕ್ರದ ಮೇಲಿನ ತೂತಿನಿಂದ ಗುಂಡು ಹಾರಿಸಿದರೆ ಅದು ಕೆಳಗಿನ ತೂತಿನಿಂದ ಹಾರಿಸುತ್ತದೆ. ನಳಿಗೆ ಕೈಯ ನೇರಕ್ಕೆ ಇಳಿದಿರುವುದರಿಂದ ಮೂತಿ ಅಷ್ಟಾಗಿ ಏಳುವುದಿಲ್ಲ. ನೋಡಲು ಮಾತ್ರ ತಲೆಕೆಳಗಾಗಿ ಜೋಡಿಸಿದ ಹಾಗಿದೆ. "ಇದನ್ನು ತರಿಸಬಹುದೇ?" ಎಂದೆ. ಆಗದು. 1980ರ ದಶಕದ ನಡುವಿನಿಂದ ಸಾಮಾನ್ಯರು ಹೊರದೇಶದ ರಿವಾಲ್ವರು ತರಿಸಿಕೊಳ್ಳುವಂತಿಲ್ಲ. ಹೆಸರಾಂತ ಗುರಿಕಾರರಿಗಷ್ಟೇ ವಿನಾಯಿತಿ.

ಎರಡನೆಯ ಆರು ಗುಂಡಿಗೆ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆ ಎಳೆದುಕೊಳ್ಳಲು ಹೇಳಿದರು. ಆಗ ಟ್ರಿಗರ್ ಹಗುರಾಗುತ್ತದೆ. ಉಸಿರು ಬಿಟ್ಟು, ನಿಧಾನವಾಗಿ, ಒಂದೊಂದಕ್ಕೂ ಒಂದು ನಿಮಿಷ ತೆಗೆದುಕೊಂಡೆ. ಐದು ಕಾಗದಕ್ಕೆ ಬಿದ್ದವು, ಒಂದು ನಡುವಿನ ಕಪ್ಪಿಗೇ ಬಿತ್ತು! ನನಗೆ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ. ಗುರಿ ಹೊಡೆಯುವುದು ಮನಸ್ಸನ್ನು ಒಂದೆಡೆ ನಿಲ್ಲಿಸುವ ಒಳ್ಳೆಯ ಆಟ. ನಮ್ಮ ಊರಿನ ಹುಡುಗಿಯರೂ ಇದನ್ನು ಕಲಿಯಬೇಕು ಎನ್ನಿಸಿತು.

ಉಸ್ತಾದರು ನಕ್ಕರು. "ಅಮ್ಮಾ, ಕಳ್ಳ ನಿಮಗ ಒಂದು ನಿಮಿಷ ಕೊಡ್ತಾನೇನು?"

ಆಮೇಲೆ ಅವರೊಂದು ಪರೀಕ್ಷೆ ಮಾಡಿಸಿದರು. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಡೆನ್ನಿಸ್ ಟ್ಯೂಲರ್ ಎಂಬ ಪೊಲೀಸ್ ಅಧಿಕಾರಿ ಒಂದು ಲೆಕ್ಕ ಬರೆದಿದ್ದರು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿ ಮೈಮೇಲೆ ಬರುತ್ತಾನೆ ಎಂದು. ರಿವಾಲ್ವರನ್ನು ಪೂರಾ ಖಾಲಿ ಮಾಡಿ, ಮಾಮಿಗೂ ನನಗೂ ತೋರಿಸಿ, ನನ್ನ ಬ್ಯಾಗಿನಲ್ಲಿಟ್ಟರು. ಖಾಲಿ ಇದ್ದರೂ ಮನುಷ್ಯನ ಕಡೆ ಹಿಡಿಯುವಂತಿಲ್ಲವಲ್ಲ, ಆದ್ದರಿಂದ ನಾನು ಗುರಿಗೆ ಮುಖ ಮಾಡಿ ನಿಂತೆ. ಅಲ್ಲಿ ಕೆಲಸ ಮಾಡುವ ಹುಡುಗ ನನ್ನ ಬೆನ್ನಿಗೆ ಬೆನ್ನು ಹಚ್ಚಿ ನಿಂತ. ಸೀಟಿ ಊದಿದೊಡನೆ ಅವನು ಹಿಂದಕ್ಕೆ ಓಡಬೇಕು, ನಾನು ತೆಗೆದು ಟ್ರಿಗರ್ ಎಳೆಯಬೇಕು, 'ಠಕ್' ಅಂದಾಗ ಅವನು ನಿಲ್ಲಬೇಕು.

ಸೀಟಿ ಊದಿತು. ಜಿಪ್ಪು ಎಳೆದೆ. ಅರ್ಧಕ್ಕೆ ಸಿಕ್ಕಿಕೊಂಡಿತು. ಒಳಗೆ ಕೈ ಹಾಕಿದರೆ ಮೊದಲು ಸಿಕ್ಕದ್ದು ಕನ್ನಡಕದ ಡಬ್ಬಿ, ಆಮೇಲೆ ಬೀಗದ ಕೈ ಗೊಂಚಲು, ಆಮೇಲೆ ಅದು. 'ಠಕ್' ಅಂದು ತಿರುಗಿ ನೋಡಿದರೆ ಹುಡುಗ ಗೇಟಿನ ಹತ್ತಿರ ನಿಂತು ಹಲ್ಲು ಕಿಸಿಯುತ್ತಿದ್ದ! ಎರಡನೆಯ ಸಲ ಜಿಪ್ಪು ತೆರೆದೇ ಇಟ್ಟುಕೊಂಡೆ. ಆಗಲೂ ಅವನು 21 ಅಡಿಯ ಗೆರೆ ದಾಟಿ ಬಹಳ ಮುಂದೆ ಹೋಗಿದ್ದ. ನನಗೆ ತಮ್ಮನ ಜೊತೆಯ ಆ ವ್ಯಾಪಾರಿಯ ನೆನಪಾಯಿತು. ಅವರಿಗೆ ಸೀಟಿಯನ್ನೂ ಯಾರೂ ಊದಿರಲಿಲ್ಲ. ಪೆಟ್ಟು ಹಿಂದಿನಿಂದ ಬಿದ್ದಿತ್ತು.

ಇನ್ನು ನಮ್ಮಂಥ ಗಡಿಯವರ ಕಾನೂನಿನ ಮಾತು ಒಂದಿದೆ. 1956ರವರೆಗೆ ತಾಂಡೂರು, ಕೊಡಂಗಲ್ ತಾಲೂಕುಗಳು ಗುಲ್ಬರ್ಗಾ ಜಿಲ್ಲೆಯೊಳಗಿದ್ದವು. ಆಮೇಲೆ ನಡುವೆ ಗೆರೆ ಬಿತ್ತು. ನಮ್ಮ ಬೀಗರು ಆಚೆ, ಹೊಲ ಈಚೆ, ದೇವರು ಆಚೆ, ಸಂತೆ ಈಚೆ. ಆಯುಧದ ಲೈಸೆನ್ಸಿನಲ್ಲಿ ಅದು ಯಾವ ಪ್ರದೇಶದೊಳಗೆ ನಡೆಯುತ್ತದೆ ಎಂದು ಬರೆದಿರುತ್ತದೆ. ಮಾಮಿಯದು ಕರ್ನಾಟಕಕ್ಕೆ ಮಾತ್ರ. ನಮ್ಮೂರ ಜಾತ್ರೆಗೆ ಅವರು ಬ್ಯಾಗಿನಲ್ಲಿ ಅದನ್ನಿಟ್ಟುಕೊಂಡು ಬಂದರೆ ಸೇಡಂ ದಾಟಿದ ಮೇಲೆ ಅಪರಾಧಿ. 2016ರ ನಿಯಮಗಳ ಪ್ರಕಾರ ಸುರಕ್ಷಿತವಾಗಿ ಬಳಸುವ ತರಬೇತಿ ಬೇಕು, ಮನೆಯಲ್ಲಿ ಭದ್ರವಾಗಿಡುವ ವ್ಯವಸ್ಥೆಗೆ ಬರೆದುಕೊಡಬೇಕು. 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಆಯುಧವಿಲ್ಲ, ಮದುವೆ ಮೆರವಣಿಗೆಯಲ್ಲಿ ಖುಷಿಗೆಂದು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಮದುವೆಗೆ ಪಟಾಕಿಯೇ ಸಾಕು.

ಸಂಜೆ ಕಲಬುರಗಿ ಸ್ಟೇಷನ್ನಿನಲ್ಲಿ ಗಾಡಿಗೆ ಇನ್ನೂ ಹೊತ್ತಿತ್ತು. ಮಾಮಿ ಕಳಿಸಲು ಬಂದಿದ್ದರು. ಕಲ್ಲುಬೆಂಚಿನ ಮೇಲೆ ಕುಳಿತು ಶೇಂಗಾ ತಿನ್ನುತ್ತ ನಾನು ಕೇಳಿದೆ: "ಮಾಮಿ, ಎಲೆಕ್ಷನ್ ನಾಲ್ಕೇ ಆಗ್ಯಾವಲ್ಲ. ಐದನೆಯ ಸಲ ಠಾಣೆಗೆ ಯಾಕೆ ಹೋಯಿತು?"

ಮುಂದಿನ ಮಾತನ್ನು ಮಾಮಿಯನ್ನೂ ಮಾಮಾನನ್ನೂ ಕೇಳಿಯೇ ಹೇಳುತ್ತಿದ್ದೇನೆ. ಇಬ್ಬರೂ "ಹೇಳು, ಯಾರಿಗಾದರೂ ಉಪಯೋಗ ಬೀಳಲಿ" ಅಂದಿದ್ದಾರೆ.

2020ರಲ್ಲಿ ಮಾಮಾನ ಮನಸ್ಸು ಸರಿ ಇರಲಿಲ್ಲ. ಆ ವರ್ಷ ಅವರ ಅಣ್ಣ ತೀರಿಕೊಂಡರು, ಮುಖ ನೋಡಲೂ ಆಗಲಿಲ್ಲ. ಮಾಮಾ ಊಟ ಬಿಟ್ಟರು, ಮಾತು ಬಿಟ್ಟರು. ರಾತ್ರಿ ಎದ್ದು ಕುಳಿತಿರುತ್ತಿದ್ದರು. ಒಂದು ನಸುಕಿನಲ್ಲಿ ಮಾಮಿ ಎಚ್ಚರಾಗಿ ನೋಡಿದರೆ ಕಪಾಟಿನ ಬಾಗಿಲು ತೆರೆದಿತ್ತು. ಮಾಮಾ ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪೆಟ್ಟಿಗೆ ತೊಡೆಯ ಮೇಲಿತ್ತು, ಮುಚ್ಚಿಯೇ ಇತ್ತು. ಮಾಮಿ ಏನೂ ಕೇಳಲಿಲ್ಲ. ಚಹಾ ಮಾಡಿಕೊಟ್ಟರು. ಪೆಟ್ಟಿಗೆ ಎತ್ತಿಕೊಂಡು, ತೋಟಾದ ಡಬ್ಬಿ ತೆಗೆದುಕೊಂಡು, ಬೆಳಗಾಗುವುದನ್ನೇ ಕಾಯ್ದು ಠಾಣೆಗೆ ಹೋದರು. ಲೈಸೆನ್ಸುದಾರರು ತಾವಾಗಿಯೇ ತಮ್ಮ ಆಯುಧವನ್ನು ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಇಟ್ಟು ರಸೀದಿ ಪಡೆಯಬಹುದು, ಅದಕ್ಕೆ ಚುನಾವಣೆಯೇ ಬರಬೇಕೆಂದಿಲ್ಲ. ಅದೇ ದಿನ ಮಗನನ್ನು ಕರೆಸಿ ಮಾಮಾನನ್ನು ಡಾಕ್ಟರರ ಹತ್ತಿರ ಕರೆದೊಯ್ದರು. ಎಂಟು ತಿಂಗಳು ಔಷಧ ನಡೆಯಿತು. ಈಗ ಮಾಮಾ ಮೊಮ್ಮಗಳಿಗೆ ಸೈಕಲ್ ಕಲಿಸುತ್ತಾರೆ.

"ಕಳ್ಳರು ಬರ್ತಾರಂತ ತಂದದ್ದು ಅದು" ಅಂದರು ಮಾಮಿ, ಶೇಂಗಾದ ಸಿಪ್ಪೆ ಊದುತ್ತ. "ಹತ್ತು ವರ್ಷದಾಗ ಒಬ್ಬ ಕಳ್ಳನೂ ಬರಲಿಲ್ಲ. ನಾ ಹೆದರಿದ್ದು ಒಂದೇ ದಿನ, ಅದೂ ಅದರ ಸಲುವಾಗಿ."

"ಮತ್ತೆ ಯಾಕೆ ಮರಳಿ ತಂದಿರಿ?"

"ಅವರೇ ಹೇಳಿದರು, ತಗೊಂಡು ಬಾ, ಮಾರಿಬಿಡೋಣ ಅಂತ. ಮಾರಲಿಕ್ಕೂ ಕಾಗದಪತ್ರ ಭಾಳ. ನಡದದ. ತೋಟಾ ಮಾತ್ರ ಮನ್ಯಾಗಿಲ್ಲ, ಅಂಗಡ್ಯಾಗೇ ಇಟ್ಟೀನಿ. ಇವತ್ತು ನಿನಗಂತ ಹೋಗಿ ಹನ್ನೆರಡು ತಂದೆ."

ಗಾಡಿ ಬಂತು.

ಮರುದಿನ ತಮ್ಮ ಬಂದಾಗ ಆ ಎರಡು ಕಾಗದಗಳನ್ನು ಅವನ ಮುಂದೆ ಹರಡಿದೆ. ಮಾಮಿಯ ಮಾತನ್ನೂ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನೆ ಕುಳಿತ. ನನ್ನ ಹೆಸರಿನ ಅರ್ಜಿಯ ಮಾತು ಮತ್ತೆ ಎತ್ತಲಿಲ್ಲ. ಈ ಸಲದ ರಾಶಿಯಲ್ಲಿ ದೊಡ್ಡ ವ್ಯವಹಾರಗಳ ರೊಕ್ಕವನ್ನು ಬ್ಯಾಂಕಿಗೇ ಹಾಕಿಸಿಕೊಂಡ, ಚಿಲ್ಲರೆ ವಸೂಲಿಗೆ ಇಬ್ಬರು ಜೊತೆಯಾಗಿ ಹೋಗುತ್ತಿದ್ದಾರೆ. ನನ್ನ ಅಂಗಳಕ್ಕೆ ಒಂದು ದೀಪ ಹಾಕಿಸಿದ. ಒಂದು ನಾಯಿಯನ್ನೂ ತಂದು ಕಟ್ಟಿದ್ದಾನೆ, ಅದು ಇನ್ನೂ ಪಕ್ಕದ ಮನೆಯಾಕೆಯನ್ನೇ ಬೊಗಳುತ್ತಿದೆ.

ಆದರೂ ಅವನ ಆಸೆ ಪೂರಾ ಹೋಗಿಲ್ಲ. ಕಪ್ಪಿನ ನಡುವೆ ಬಿದ್ದ ಆ ಒಂದು ತೂತಿನಲ್ಲಿ ಬೆರಳಿಟ್ಟು, "ನೀ ಹೊಡದೀ ಅಂದ್ರ ನಾನೂ ಹೊಡೀತೀನಿ" ಅಂದ. ಬರುವ ರವಿವಾರ ಕಲಬುರಗಿಗೆ ಹೊರಟಿದ್ದಾನೆ. ಮಾಮಿ ಫೋನ್ ಮಾಡಿ ಹೇಳಿದ್ದಾರೆ, ತೋಟಾದ ರೊಕ್ಕ ಅವನೇ ತರಬೇಕಂತೆ, ಜೊತೆಗೆ ಎರಡು ಕಿಲೋ ತಾಂಡೂರ ಬೇಳೆ.